ಬಾಗಿಲು ಮುಚ್ಚಲು ಮೂವರು

ಭಾನುವಾರ, ಅಕ್ಟೋಬರ್ 25

ಇವತ್ತಿನಿಂದ ಬರೆಯುವುದೆಂದು ತೀರ್ಮಾನಿಸಿದ್ದೇನೆ. ಮಾತಾಡಲು ಯಾರೂ ಇಲ್ಲದಿದ್ದರೆ ನಾಲಿಗೆಗೆ ತುಕ್ಕು ಹಿಡಿಯುತ್ತದೆ, ಕೈಯಾದರೂ ಆಡುತ್ತಿರಲಿ.

ಯಾರೂ ಇಲ್ಲ ಎಂದರೆ ನಗುತ್ತಾರೆ. ಈ ಹಾಸ್ಟೆಲಿನ ತುಂಬ ಹುಡುಗಿಯರು. ಎಲ್ಲರೂ ನನ್ನ ಹಾಗೆ ಹೈಸ್ಕೂಲು ಮುಗಿಸಿ, ಕಾಲೇಜು ಸೇರುವ ಮೊದಲು ಒಂದು ವರ್ಷ ಜೆರುಸಲೇಮಿನಲ್ಲಿ ಯಹೂದಿ ಧರ್ಮಶಾಸ್ತ್ರ ಓದಲು ಬಂದವರು. ಆದರೆ ಮುಕ್ಕಾಲು ಪಾಲು ನ್ಯೂಯಾರ್ಕಿನವರು. ಒಬ್ಬಳ ಅಕ್ಕ ಇನ್ನೊಬ್ಬಳ ಅತ್ತಿಗೆ, ಮತ್ತೊಬ್ಬಳ ಅಣ್ಣನಿಗೆ ಮೂರನೆಯವಳನ್ನು ಕೇಳುತ್ತಿದ್ದಾರೆ. ಬರುವಾಗಲೇ ಸಂಸಾರ ಕಟ್ಟಿಕೊಂಡು ಬಂದಿದ್ದಾರೆ. ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್‌ನಿಂದ ಬಂದವಳು ನಾನೊಬ್ಬಳೇ. ನಮ್ಮೂರಿನ ಗೆಳತಿ ಮೆಲಾನಿ ಜೊತೆಗೆ ಬರುತ್ತೇನೆಂದು ಹೇಳಿ ಹೇಳಿ ಕೊನೆಗೆ ಕೈಕೊಟ್ಟಳು.

ತಿಂಗಳಿಗೊಮ್ಮೆ, ವಾರದ ವಿಶ್ರಾಂತಿ ದಿನ ಶಬ್ಬಾತ್‌ಗೆ ಹಾಸ್ಟೆಲು ಮುಚ್ಚುತ್ತಾರೆ. ಶುಕ್ರವಾರ ಮಧ್ಯಾಹ್ನ ಅಡುಗೆಮನೆಗೆ ಬೀಗ, ಬಿಸಿನೀರಿಲ್ಲ. ಎಲ್ಲರೂ ಯಾವುದಾದರೂ ಮನೆ ಹಿಡಿದುಕೊಂಡು ಶನಿವಾರ ಸಂಜೆಯವರೆಗೆ ಅಲ್ಲಿರಬೇಕು. ಗುರುವಾರ ತಿಂಡಿಯ ಹೊತ್ತಿಗೆ ವಾರ್ಡನ್ ಮಿಸೆಸ್ ಗ್ಲಿಕ್ ಬೆಂಚಿನ ಪಕ್ಕ ನಿಂತು, ಜಾಗ ಇಲ್ಲದವರು ಕೈ ಎತ್ತಿ ಎಂದರು. ನಾನು ಎತ್ತಿದೆ. ಸ್ಟ್ರಾಸ್‌ಬೂರ್ಗ್‌ನ ಎಸ್ತೆಲ್ ಕೂಡ ಅರ್ಧ ಎತ್ತಿದಳು. ಆಮೇಲೆ ನೆತಾನ್ಯಾದಲ್ಲಿ ದೊಡ್ಡಪ್ಪನ ಮಗ ಒಬ್ಬ ಅಣ್ಣ ಇದ್ದಾನೆ ಎಂದು ನೆನಪಾಯಿತಂತೆ, ಇಳಿಸಿದಳು. ಮೇಲಿದ್ದದ್ದು ನನ್ನದೊಂದೇ ಕೈ.

ನನ್ನನ್ನು ಕಳಿಸಿದ ಮನೆಯಲ್ಲಿ ಆಗಲೇ ಆರು ನ್ಯೂಯಾರ್ಕಿನವರು ಕೂತಿದ್ದರು. ಮನೆಯಾಕೆ ಒಳ್ಳೆಯವಳೇ. ಒಬ್ಬೊಬ್ಬರೂ ತಮ್ಮ ವಿಷಯ ಹೇಳಿ ಎಂದಳು. ನನ್ನ ಸರದಿ ಬರುವಷ್ಟರಲ್ಲಿ ಸೂಪು ಬಂತು. ಆಮೇಲೆ ಎರಡು ಸಲ "ಆಫ್ರಿಕಾದ ಹುಡುಗಿಗೆ ಇನ್ನೊಂದು ತುಂಡು ಹಾಕಿ" ಎಂದಳು. ಅವಳ ಮಗ, ನಿಮ್ಮ ಬೀದೀಲಿ ಸಿಂಹ ಓಡಾಡುತ್ತಾ ಎಂದು ಕೇಳಿದ. ನಮ್ಮ ಬೀದಿಯಲ್ಲಿ ಓಡಾಡುವುದು ಸಮುದ್ರದ ಗಾಳಿ ಮತ್ತು ಕುಶ್ನರ್ ಅಂಕಲ್ ಅವರ ನಾಯಿ ಬೆಸ್ಸಿ, ಅಷ್ಟೇ.

ಇನ್ನು ನಾನು ಕೈ ಎತ್ತುವುದಿಲ್ಲ.

ಗುರುವಾರ, ನವೆಂಬರ್ 12

ಎತ್ತಲಿಲ್ಲ. ಮಿಸೆಸ್ ಗ್ಲಿಕ್ ನನ್ನ ಕಡೆಗೇ ತಿರುಗಿ, "ಗೀಲಾ, ನಿಂದೇನಮ್ಮ?" ಎಂದರು. ಇದೇ ಊರಿನ ಬಾಯಿತ್ ವೆಗಾನ್ ಬಡಾವಣೆಯಲ್ಲಿ ನನ್ನ ಅತ್ತೆ ಇದ್ದಾರೆ ಎಂದುಬಿಟ್ಟೆ. ಹೆಸರೇನು ಎಂದರು. ಬಾಯಿಗೆ ಬಂದದ್ದು ಬೆಸ್ಸಿ. ಬೆಸ್ಸಿ ಅತ್ತೆ.

ರೂಮಿಗೆ ಬಂದ ಮೇಲೆ ಪೆರಿ ಬಿಡಲಿಲ್ಲ. ಪೆರಿ, ತೆಮೀಮಾ ಇಬ್ಬರೂ ನನ್ನ ರೂಮಿನವರು. ಪೆರಿಗೆ ಬಾಯಿ ಮುಚ್ಚಿದರೆ ಉಸಿರು ಕಟ್ಟುತ್ತದೆ, ತೆಮೀಮಾ ಸದಾ ಕಂಬಳಿಯೊಳಗೆ. ಅತ್ತೆ ಇದ್ದಾರೆ ಅಂತ ಇಷ್ಟು ದಿನ ಯಾಕೆ ಹೇಳಲಿಲ್ಲ, ಅಡುಗೆ ಹೇಗೆ, ಮಕ್ಕಳೆಷ್ಟು ಎಂದು ಪೆರಿ ಕೇಳುತ್ತಲೇ ಇದ್ದಳು. ಕೂದಲು ಬಿಳಿ, ಕಿವಿ ಸ್ವಲ್ಪ ಉದ್ದ ಎಂದೆ. ಅದು ನಾಯಿಯ ವರ್ಣನೆ ಎಂದು ಹೊಳೆದದ್ದು ಆಮೇಲೆ. ನಗಲು ಜೊತೆಗೆ ಯಾರೂ ಇರಲಿಲ್ಲ.

ಭಾನುವಾರ, ನವೆಂಬರ್ 15

ಶಬ್ಬಾತ್‌ನಲ್ಲಿ ಬರೆಯುವ ಹಾಗಿಲ್ಲ, ಆದ್ದರಿಂದ ಈಗ ಎಲ್ಲ ಒಟ್ಟಿಗೆ.

ಶುಕ್ರವಾರ ಮಧ್ಯಾಹ್ನ ಎಲ್ಲರ ಜೊತೆ ಚೀಲ ಹಿಡಿದು ಬಸ್ ಸ್ಟಾಪಿನವರೆಗೂ ಹೋದೆ. ಅವರೆಲ್ಲ ಹತ್ತಿದ ಮೇಲೆ ವಾಪಸು ಬಂದು, ಬಾಗಿಲ ಪಕ್ಕದ ಗುಂಡಿಗಳಲ್ಲಿ ನಂಬರು ಒತ್ತಿ ಒಳಗೆ ಸೇರಿಕೊಂಡೆ. ಬ್ರೆಡ್ಡು, ಡಬ್ಬಿ ಮೀನು, ಒಂದು ಬಾಟಲಿ ದ್ರಾಕ್ಷಿ ರಸ ತಂದಿದ್ದೆ. ಬಚ್ಚಲಿನ ದೀಪ ಮೊದಲೇ ಹಾಕಿಟ್ಟೆ, ಸೂರ್ಯ ಮುಳುಗಿದ ಮೇಲೆ ಹಾಕುವಂತಿಲ್ಲವಲ್ಲ. ಮೇಣದಬತ್ತಿ ಹಚ್ಚಿ ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ ಹೇಳಿದೆ. ಕಣ್ಣು ತೆರೆದರೆ ಮೂರು ಮಂಚ, ನಾನೊಬ್ಬಳು. ಎಷ್ಟು ಅಳು ಬಂತೆಂದರೆ ಹಸಿವೇ ಹೋಯಿತು.

ಮೇಲಿನ ಮಹಡಿಯಲ್ಲಿ ಏನೋ ಸದ್ದಾದ ಹಾಗಾಯಿತು. ಕೊಳಾಯಿ ಇರಬೇಕು. ಒಳಗೆ ಕೂರಲು ಹೆದರಿಕೆಯಾಯಿತು. ಬೀದಿಯ ತುದಿಯ ಸಿನಗಾಗ್ ಪ್ರಾರ್ಥನಾ ಮಂದಿರದಿಂದ ಹಾಡು ಕೇಳುತ್ತಿತ್ತು. ಬಾಗಿಲು ತಾನೇ ಮುಚ್ಚಿಕೊಳ್ಳದಿರಲೆಂದು ಚಿಲಕದ ತೂತಿಗೆ ಕಾಗದ ಮಡಿಸಿ ತುರುಕಿ, ಹೋಗಿ ಹೆಂಗಸರ ಕಡೆ ಹಿಂದಿನ ಸಾಲಿನಲ್ಲಿ ನಿಂತೆ. ಮುಗಿದ ಮೇಲೆ ಎಲ್ಲರೂ ಒಬ್ಬರಿಗೊಬ್ಬರು ಶಬ್ಬಾತ್ ಶಾಲೋಮ್ ಹೇಳಿ ತಮ್ಮ ತಮ್ಮ ಮನೆಗೆ ಹೋದರು. ನಾನು ಬಂದು ನೋಡಿದರೆ ಕಾಗದ ಇಲ್ಲ, ಬಾಗಿಲು ಭದ್ರವಾಗಿ ಮುಚ್ಚಿದೆ.

ನಂಬರು ಗೊತ್ತಿತ್ತು. ನಾಲ್ಕು ಗುಂಡಿ ಒತ್ತಿದರೆ ಒಳಗೆ. ಆದರೆ ಕರೆಂಟಿನ ಗುಂಡಿ, ಶಬ್ಬಾತ್‌ನಲ್ಲಿ ಮುಟ್ಟುವ ಹಾಗಿಲ್ಲ. ನಮ್ಮೂರಲ್ಲಾದರೆ ಇದೇನು ದೊಡ್ಡ ಮಾತಲ್ಲ. ಅಪ್ಪ ಶನಿವಾರ ಓಡಿಸಬಾರದ ಕಾರಲ್ಲೇ ಸಿನಗಾಗಿಗೆ ಹೋಗಿ, ಅಲ್ಲಿಯ ಗುರು ರಬ್ಬಿಗೆ ಮುಜುಗರವಾಗದಿರಲೆಂದು ಪಕ್ಕದ ಬೀದಿಯಲ್ಲಿ ನಿಲ್ಲಿಸುತ್ತಾನೆ. ರಬ್ಬಿಗೂ ಗೊತ್ತು. ಇಲ್ಲಿ ಕತ್ತಲಲ್ಲಿ ನನ್ನನ್ನು ನೋಡುವವರು ಒಬ್ಬರೂ ಇರಲಿಲ್ಲ. ಬೆರಳು ಗುಂಡಿಯ ಹತ್ತಿರದವರೆಗೂ ಹೋಯಿತು. ಒತ್ತಲಿಲ್ಲ. ಯಾಕೆಂದು ನನಗೆ ಗೊತ್ತಿಲ್ಲ.

ಹಿಂಭಾಗದ ಓಣಿಗೆ ಹೋಗಿ ಅಡುಗೆಮನೆಯ ಪಕ್ಕದ ಹಿತ್ತಿಲ ಬಾಗಿಲು ಬಡಿದೆ. ಎದುರು ಮನೆಯ ಬಾಗಿಲು ತೆರೆಯಿತು. ಬೋಳುತಲೆಗೆ ಟೋಪಿ ಹಾಕಿಕೊಂಡ ಒಬ್ಬ ಮುದುಕರು.

"ಮುರಿದು ಹಾಕಿದ್ರೂ ಅಲ್ಲಿಂದ ಯಾರೂ ಬರಲ್ಲ. ಇವತ್ತು ಎಲ್ರೂ ಹೋಗಿದಾರೆ. ನೀನ್ಯಾಕೆ ಹೋಗಿಲ್ಲ?"

ಅತ್ತೆಯ ಕಥೆ ಅವರ ಮುಂದೆ ಬಾಯಿಗೆ ಬರಲಿಲ್ಲ. ಹೋಗುವುದಕ್ಕೆ ಮನೆ ಇಲ್ಲ ಎಂದೆ. ಇದನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಊಟ ಆಗಿದೆಯಾ ಎಂದರು. ಡಬ್ಬಿ ಮೀನು ಒಳಗೇ ಉಳಿದಿದೆ ಎಂದೆ. ಅವರು ಒಳಗೆ ಹೋಗಿ ಮೇಜು ಎಳೆಯತೊಡಗಿದರು, ಕಾಲು ಕರಕರ ಸದ್ದು ಮಾಡುತ್ತ ಹೊಸ್ತಿಲವರೆಗೂ ಬಂತು. ಒಂದು ಕುರ್ಚಿ ಒಳಗೆ, ಒಂದು ಹೊರಗೆ ಓಣಿಯಲ್ಲಿ. ಬಾಗಿಲು ಹಾರುಹೊಡೆದು ಅದಕ್ಕೊಂದು ಕಲ್ಲು ಒರಗಿಸಿದರು. ಗಂಡಹೆಂಡತಿ ಅಲ್ಲದ ಗಂಡೂ ಹೆಣ್ಣೂ ಮುಚ್ಚಿದ ಬಾಗಿಲ ಹಿಂದೆ ಇಬ್ಬರೇ ಇರಬಾರದು. ನಮ್ಮೂರಲ್ಲಿ ಪುಸ್ತಕದಲ್ಲಿ ಮಾತ್ರ ಇರುವ ನಿಯಮ, ಇವರು ಎಪ್ಪತ್ತೈದರ ವಯಸ್ಸಿನಲ್ಲೂ ಬಿಡುವವರಲ್ಲ.

"ಕೋಟು ತೆಗೀಬೇಡ, ಚಳಿ ಆಗುತ್ತೆ" ಎಂದು ತಾವೂ ಒಂದು ದಪ್ಪ ಕೋಟು ಹಾಕಿಕೊಂಡು ಬಂದು ಕೂತರು. ದ್ರಾಕ್ಷಾರಸದ ಮೇಲೆ ಪ್ರಾರ್ಥನೆ ಹೇಳಿದರು. ಮೀನು, ಸೂಪು, ಕೋಳಿ, ಆಲೂಗೆಡ್ಡೆ. ಇಡೀ ಹಾಸ್ಟೆಲಿಗೆ ಸಾಲುವಷ್ಟು ಇತ್ತು. ಒಂದು ಬೆಕ್ಕು ಬಂದು ನನ್ನ ಕಾಲ ಹತ್ತಿರ ಕೂತಿತು. ಸಿನಗಾಗಿನಿಂದ ತಡವಾಗಿ ಬಂದವರು ನಮ್ಮನ್ನು ಸುತ್ತು ಹಾಕಿಕೊಂಡು ಶಬ್ಬಾತ್ ಶಾಲೋಮ್ ಎಂದು ಹೋದರು.

ಅವರ ಹೆಸರು ಫಾಲಿಕ್ ಝಿಸ್ಮನ್. ಹೊರಡುವಾಗ ಒಂದು ಹಳೇ ಕಬ್ಬಿಣದ ಬೀಗದಕೈ ಕೊಟ್ಟರು. ಹಿತ್ತಿಲ ಬಾಗಿಲದ್ದು, ಅವರ ಹೆಂಡತಿಯ ಹತ್ತಿರ ಇದ್ದದ್ದಂತೆ. ನಾನು ಒಳಗೆ ಹೋಗಿ ದೀಪ ಇಲ್ಲದ ಮೆಟ್ಟಿಲು ಹತ್ತಿದೆ. ಹೊಟ್ಟೆ ಬೆಚ್ಚಗಿತ್ತು. ಮೂಗು ಮಾತ್ರ ಮಂಜುಗಡ್ಡೆ.

ಭಾನುವಾರ, ನವೆಂಬರ್ 22

ಬೀಗದಕೈ ವಾಪಸು ಕೊಡಲು ಶುಕ್ರವಾರ ಮಧ್ಯಾಹ್ನ ಹೋಗಿದ್ದೆ. ಅದನ್ನು ಇಟ್ಟುಕೊಂಡು ನಾನೇನು ಮಾಡಲಿ, ಸಂಜೆ ಬಾ, ಕೋಟು ಹಾಕ್ಕೊಂಡು ಬಾ ಎಂದರು. ಹಾಸ್ಟೆಲಿನಲ್ಲಿ ಊಟ ಇದ್ದ ವಾರ ಇದು. ಆದರೂ ಬೆಸ್ಸಿ ಅತ್ತೆ ಕರೆದಿದ್ದಾರೆ ಎಂದು ಹೇಳಿ ಹೋದೆ.

ಲೀಬಾ ಅವರ ಹೆಂಡತಿ. ಅವರಿಗೆ ಮಕ್ಕಳಿರಲಿಲ್ಲ. ಲೀಬಾ ಇದ್ದಾಗ ಪ್ರತಿ ಶುಕ್ರವಾರ ಹಾಸ್ಟೆಲಿನ ಏಳೆಂಟು ಹುಡುಗಿಯರು ಇದೇ ಮನೆಗೆ ಬರುತ್ತಿದ್ದರಂತೆ. ಹೋದ ವರ್ಷದ ಹಿಂದಿನ ಚಳಿಗಾಲ ಆಕೆ ತೀರಿಕೊಂಡರು.

"ಅವಳು ಹೋದ್ಲು, ಹುಡುಗೀರೂ ಹೋದ್ರು. ಅವರ ತಪ್ಪೇನಿಲ್ಲ ಬಿಡು. ಹೆಂಗಸಿಲ್ಲದ ಮನೆಗೆ ಹುಡುಗೀರನ್ನ ಯಾರು ಕಳಿಸ್ತಾರೆ? ಹತ್ತು ಜನಕ್ಕೆ ಬೇಯಿಸೋದು ಕಲಿಸಿದ್ಲು. ಒಬ್ಬನಿಗೆ ಬೇಯಿಸೋದು ಕಲಿಸೋಕೆ ಮೊದಲೇ ಹೊರಟುಬಿಟ್ಲು."

ನಾನು ಇನ್ನೊಂದು ಆಲೂಗೆಡ್ಡೆ ಹಾಕಿಸಿಕೊಂಡೆ. ಅದೇ ಸರಿಯಾದ ಉತ್ತರವಾಗಿತ್ತು ಅನ್ನಿಸುತ್ತದೆ.

ಭಾನುವಾರ, ಡಿಸೆಂಬರ್ 13

ಈಗ ಪ್ರತಿ ವಾರ ಹೋಗುತ್ತೇನೆ. ಫಾಲಿಕ್ ಅಂಕಲ್ ಎನ್ನುತ್ತೇನೆ, ನಮ್ಮೂರಲ್ಲಿ ದೊಡ್ಡವರನ್ನೆಲ್ಲ ಹಾಗೇ ಕರೆಯುವುದು. ಅವರು ನನ್ನನ್ನು "ಮೇಡೆಲೆ" ಎನ್ನುತ್ತಾರೆ, ಹುಡುಗೀ ಎಂದು. ನಮ್ಮಜ್ಜಿಯೂ ಹಾಗೇ ಕರೆಯುತ್ತಿದ್ದಳು.

ಅವರು ಮೂವತ್ತು ವರ್ಷ ಈ ಊರಿನಲ್ಲಿ ಬಸ್ಸು ಓಡಿಸಿದವರು. ಊಟ ಬಡಿಸುವುದೂ ಹಾಗೇ. "ಮುಂದಿನ ನಿಲ್ದಾಣ ಮೀನು. ಇಳಿಯೋರು ಇಳೀರಿ." ಕೊನೆಗೆ ಹಣ್ಣು ಬಂದಾಗ, "ಕಡೇ ನಿಲ್ದಾಣ, ಎಲ್ರೂ ಇಳೀಬೇಕು, ಮಲಗಿದೋರನ್ನ ಎಬ್ಬಿಸಿ." ಎಲ್ಲರೂ ಎಂದರೆ ನಾನು ಮತ್ತು ಬೆಕ್ಕು. ಮೇಜಿನ ಕೆಳಗೆ ಈಗ ಸೀಮೆಎಣ್ಣೆಯ ಒಲೆ ಇಟ್ಟಿದ್ದಾರೆ. ಕಾಲು ಬೇಯುತ್ತದೆ, ಕಿವಿ ಮರಗಟ್ಟುತ್ತದೆ. ನನ್ನ ಕೋಟು ಸಮುದ್ರದೂರಿನದು, ಇಲ್ಲಿಯ ಚಳಿಗೆ ಕರ್ಚೀಫು ಹೊದ್ದ ಹಾಗೆ. ಕಳೆದ ವಾರದಿಂದ ಲೀಬಾ ಅವರ ಶಾಲು ನನ್ನ ಕುರ್ಚಿಯ ಬೆನ್ನ ಮೇಲೆ ಇರುತ್ತದೆ. 

ಈ ವಾರ ಹಾಸ್ಟೆಲು ಮುಚ್ಚಿತ್ತು. ಹಿತ್ತಿಲ ಬಾಗಿಲಿಂದ ಬಂದು ಮಲಗಿದಾಗ ಮತ್ತೆ ಮೇಲಿನ ಕೊಳಾಯಿಯ ಸದ್ದು. ಒಮ್ಮೆ ಕೆಮ್ಮಿದ ಹಾಗೂ ಕೇಳಿಸಿತು. ಈ ಕಟ್ಟಡದ ಕೊಳಾಯಿಗಳಿಗೂ ನೆಗಡಿ.

ಪೆರಿ ಬೆಸ್ಸಿ ಅತ್ತೆಗೆಂದು ಚಾಕೊಲೇಟ್ ಕೇಕು ಮಾಡಿ ಕಳಿಸಿದ್ದಳು. ಹಾಸ್ಟೆಲಿನ ಅಡುಗೆಮನೆಯಲ್ಲಿ ಅಡುಗೆಯವರ ಕಾಲು ಹಿಡಿದು ಒಲೆ ಕೇಳಿಕೊಂಡು ಮಾಡಿದ್ದಂತೆ. ಫಾಲಿಕ್ ಅಂಕಲ್ ಎರಡು ತುಂಡು ತಿಂದು, ನಿನ್ನ ಗೆಳತಿ ಸಕ್ಕರೆ ಅಂಗಡಿ ಮಗಳಾ ಎಂದು ಕೇಳಿದರು. ಅತ್ತೆಗೆ ತುಂಬ ಇಷ್ಟವಾಯಿತು ಎಂದು ಪೆರಿಗೆ ಹೇಳಿದೆ. ಅವಳ ಮುಖ ಅರಳಿತು. ನನಗೆ ಆ ಮುಖ ನೋಡಲಾಗಲಿಲ್ಲ.

ಬುಧವಾರ, ಡಿಸೆಂಬರ್ 16

ಅಪ್ಪ ಫೋನು ಮಾಡಿದ್ದ. ಯೂನಿವರ್ಸಿಟಿಯವರು ನನ್ನ ಸೀಟನ್ನು ಜನವರಿ ಕೊನೆಯವರೆಗೆ ಇಟ್ಟಿರುತ್ತಾರಂತೆ. ಇಷ್ಟವಿಲ್ಲದಿದ್ದರೆ ಬಂದುಬಿಡು, ಯಾರೂ ಏನೂ ಅಂದುಕೊಳ್ಳುವುದಿಲ್ಲ ಎಂದ. ಹಿಂದೆ ಅಮ್ಮ ಏನೋ ಹೇಳುತ್ತಿದ್ದಳು, ಹಿನ್ನೆಲೆಯಲ್ಲಿ ಗಾಳಿ. ನಮ್ಮನೆಯ ಗಾಳಿ.

ಇಲ್ಲಿ ಹಬ್ಬದ ದೀಪ ಹಚ್ಚಿ ಎಲ್ಲರೂ ಕುಣಿಯುತ್ತಿದ್ದಾರೆ. ನಾನು ಮೆಟ್ಟಿಲ ಮೇಲೆ ಕೂತಿದ್ದೇನೆ.

ಭಾನುವಾರ, ಜನವರಿ 10

ಅವರಿಗೆ ಕೆಮ್ಮು. ಮೊನ್ನೆ ಸೂಪಿನ ಚಮಚ ಕೆಳಗಿಟ್ಟು ಎದೆ ಹಿಡಿದುಕೊಂಡು ಕೆಮ್ಮಿದರು. ಓಣಿಯಲ್ಲಿ ಮಳೆ, ಗಾಳಿ ನೇರ ಒಳಗೆ ನುಗ್ಗುತ್ತಿತ್ತು. ಶಾಲು ತಲೆಯ ಮೇಲೆ ಎಳೆದುಕೊಂಡು ಕೂತ ನನಗೆ ಕುರ್ಚಿಯನ್ನು ಹೊಸ್ತಿಲ ಒಳಗೆ ಎಳೆದುಕೋ ಎಂದರು, ಬಾಗಿಲು ಮಾತ್ರ ಮುಚ್ಚಲಿಲ್ಲ. ಡಾಕ್ಟರು ಎದೆಯಲ್ಲಿ ಕಫ ಕಟ್ಟಿದೆ, ಗಾಳಿಗೆ ಕೂರಬೇಡಿ ಎಂದಿದ್ದಾರಂತೆ. ಅದನ್ನೂ ನಗುನಗುತ್ತಲೇ ಹೇಳಿದರು.

ಇನ್ನೊಬ್ಬಳನ್ನು ಕರೆದುಕೊಂಡು ಬಂದರೆ ಬಾಗಿಲು ಮುಚ್ಚಬಹುದೇ ಎಂದು ಕೇಳಿದೆ. ಅವರು ಆಗಲೇ ರಬ್ಬಿಯನ್ನು ವಿಚಾರಿಸಿಕೊಂಡು ಬಂದಿದ್ದರು.

"ಇಬ್ಬರು ಸಾಲಲ್ಲ. ಮೂರು ಜನ ಹುಡುಗೀರಾದ್ರೆ ಮುಚ್ಚಬಹುದು. ನಿನ್ನ ರೂಮಲ್ಲಿ ಎಷ್ಟು ಜನ ಇದೀರಿ?"

ಮೂವರೇ. ನಾನು ಸೇರಿ ಸರಿಯಾಗಿ ಮೂವರು. ಅವರಿಬ್ಬರಿಗೂ ಪ್ರತಿ ವಾರ ಬೇರೆ ಕಡೆ ಊಟ ಇರುತ್ತದೆ ಎಂದು ಸುಳ್ಳು ಹೇಳಿದೆ. ಅವರನ್ನು ಕರೆಯಬೇಕೆಂದರೆ ಬೆಸ್ಸಿ ಅತ್ತೆಯನ್ನು ಮೊದಲು ಸಾಯಿಸಬೇಕು. ನನಗೆ ಜಾಗ ಇರಲಿಲ್ಲ, ಕತ್ತಲಲ್ಲಿ ಬಚ್ಚಿಟ್ಟುಕೊಂಡಿದ್ದೆ ಎಂದು ಹೇಳಬೇಕು. ಪೆರಿಗೆ ಗೊತ್ತಾದರೆ ಮಧ್ಯಾಹ್ನದೊಳಗೆ ನ್ಯೂಯಾರ್ಕಿಗೂ ಗೊತ್ತಾಗುತ್ತದೆ.

ಅವರು ನನ್ನ ಮುಖ ಸ್ವಲ್ಪ ಹೊತ್ತು ನೋಡಿದರು. "ಸರಿ ಹಾಗಾದ್ರೆ, ತೆರೆದೇ ಇರಲಿ" ಎಂದು ಕೋಳಿ ಬಡಿಸಿದರು.

ಬುಧವಾರ, ಜನವರಿ 20

ಹೋದ ಶುಕ್ರವಾರ ಇನ್ನೂ ಹೆಚ್ಚು ಕೆಮ್ಮಿದರು. ಮಾತಾಡಲೂ ಆಗುತ್ತಿರಲಿಲ್ಲ, ನಿಲ್ದಾಣಗಳನ್ನು ಬೆರಳಲ್ಲೇ ತೋರಿಸಿದರು.

ನಾನು ಹೋಗದಿದ್ದರೆ ಅವರು ಬಾಗಿಲು ಮುಚ್ಚಿಕೊಂಡು ಒಳಗೆ ಬೆಚ್ಚಗಿರುತ್ತಾರೆ. ಲೆಕ್ಕ ಇಷ್ಟೇ. ಇವತ್ತು ಹೋಗಿ, ಈ ವಾರದಿಂದ ಬರುವುದಿಲ್ಲ, ಅತ್ತೆಯ ಮನೆಗೆ ಹೋಗಬೇಕು ಎಂದೆ. ಯಾವ ಅತ್ತೆ ಎಂದು ಅವರು ಕೇಳಲಿಲ್ಲ. "ಬೇಕಾದಾಗ ಬಾ" ಎಂದರು.

ಅಪ್ಪನಿಗೂ ಫೋನು ಮಾಡಿ ಬರುತ್ತೇನೆ ಎಂದೆ. ನಾನು ತಾರೀಖು ಹೇಳಿದರೆ ಟಿಕೆಟ್ಟಿಗೆ ವಿಚಾರಿಸುತ್ತಾನಂತೆ. ಇಲ್ಲಿ ನನ್ನದು ಅಂತ ಇದ್ದದ್ದು ಓಣಿಯಲ್ಲಿ ಒಂದು ಕುರ್ಚಿ. ಅದೂ ಹೋಯಿತು.

ಭಾನುವಾರ, ಜನವರಿ 24



ಶುಕ್ರವಾರ ಸಂಜೆ ಪ್ರಾರ್ಥನೆ ಮುಗಿದು ಎಲ್ಲರೂ ಊಟದ ಹಾಲಿಗೆ ಇಳಿದರು. ಅತ್ತೆಗೆ ಹುಷಾರಿಲ್ಲ, ಇವತ್ತು ಇಲ್ಲೇ ಊಟ ಎಂದು ಹೇಳಿದ್ದೆ. ನಾನು ಹಿಂದಿನ ಮೆಟ್ಟಿಲಿಂದ ಇಳಿಯುವಾಗ ಅಲ್ಲಿಯ ಸಣ್ಣ ಕಿಟಕಿಯಿಂದ ಓಣಿ ನೋಡಿದೆ. ನೋಡಬಾರದೆಂದುಕೊಂಡೇ ನೋಡಿದೆ.

ಬಾಗಿಲು ಹಾರುಹೊಡೆದಿತ್ತು. ಕಲ್ಲು ಒರಗಿಸಿತ್ತು. ಮೇಜು ಹೊಸ್ತಿಲಲ್ಲಿ, ಮೇಲೆ ಎರಡು ತಟ್ಟೆ. ಹೊರಗಿನ ಕುರ್ಚಿಯ ಬೆನ್ನ ಮೇಲೆ ಶಾಲು. ಫಾಲಿಕ್ ಅಂಕಲ್ ಕೋಟು ಹಾಕಿಕೊಂಡು, ಕೈಗಳನ್ನು ತೋಳಿನೊಳಗೆ ಸೇರಿಸಿಕೊಂಡು, ಓಣಿಯ ಆ ತುದಿ ನೋಡುತ್ತ ಕೂತಿದ್ದರು. ಕೆಮ್ಮು ಬಂದಾಗ ಬಗ್ಗುತ್ತಿದ್ದರು, ಮತ್ತೆ ಎದ್ದು ನೇರ ಕೂರುತ್ತಿದ್ದರು. ಬರುವುದಿಲ್ಲ ಎಂದು ನಾನು ಹೇಳಿದ್ದನ್ನು ಅವರು ನಂಬಿರಲೇ ಇಲ್ಲ. ನಾನು ಮನಸ್ಸು ಬದಲಾಯಿಸಿ ಬಂದರೆ ಬಾಗಿಲು ಮುಚ್ಚಿದ್ದು ನೋಡಿ ವಾಪಸು ಹೋಗಬಾರದಲ್ಲ.

ನನ್ನ ಬಗ್ಗೆ ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಹಾಲಿನಲ್ಲಿ ಹಾಡು ನಡೆಯುತ್ತಿತ್ತು. ಪೆರಿ ಮೇಜು ಬಡಿಯುತ್ತ ಹಾಡುತ್ತಿದ್ದಳು, ತೆಮೀಮಾ ಕೈಯ ಮೇಲೆ ಗಲ್ಲ ಊರಿ ಅರ್ಧ ನಿದ್ದೆಯಲ್ಲಿದ್ದಳು. ಅವರ ಮಧ್ಯೆ ಹೋಗಿ ನಿಂತೆ.

"ನಂಗೆ ಅತ್ತೆ ಇಲ್ಲ" ಎಂದೆ.

ಪೆರಿಗೆ ಕೇಳಿಸಲಿಲ್ಲ. ಹಾಡು ಸಣ್ಣಗಾದಾಗ ಮತ್ತೆ ಹೇಳಬೇಕಾಯಿತು, ಹಾಗಾಗಿ ಎರಡು ಮೇಜಿನವರು ಕೇಳಿಸಿಕೊಂಡರು. ಬೆಸ್ಸಿ ನಮ್ಮ ಬೀದಿಯ ನಾಯಿ. ನಂಗೆ ಎಲ್ಲೂ ಜಾಗ ಇರಲಿಲ್ಲ. ಹಿಂದಿನ ಓಣಿಯಲ್ಲಿ ಒಬ್ಬರು ನನ್ನಿಂದಾಗಿ ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದಾರೆ, ಮೂವರು ಹೋಗದಿದ್ದರೆ ಮುಚ್ಚುವ ಹಾಗಿಲ್ಲ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

ಪೆರಿ ಬಾಯಿ ತೆರೆದುಕೊಂಡೇ ಇದ್ದಳು. ಆಮೇಲೆ, "ಹಾಗಾದ್ರೆ ನನ್ನ ಕೇಕು ತಿಂದಿದ್ದು ಯಾರು?" ಎಂದಳು.

"ಅವರೇ. ಎರಡು ತುಂಡು."

"ನಾನು ನಾಯಿಗೆ ಕೇಕು ಮಾಡಿದ್ನಾ ಅಂತ ಒಂದು ನಿಮಿಷ..." ಅಷ್ಟರಲ್ಲಿ ಅವಳ ಕಣ್ಣು ತುಂಬಿಬಿಟ್ಟಿತು. "ನನ್ನ ಅಕ್ಕನ ಮನೆ ಇಲ್ಲೇ ಎರಡು ಬೀದಿ ಆಚೆ ಇದೆ ಗೀಲಾ. ನೀನು ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ. ನಾನು ಅಷ್ಟು ಕೆಟ್ಟವಳಾ?"

 ಎದ್ದವಳು ತೆಮೀಮಾ. ಆಗಲೇ ಕೋಟಿನ ಒಂದು ತೋಳು ಹಾಕಿಕೊಂಡಿದ್ದಳು. "ದೂರನಾ?" ಎಂದು ಕೇಳಿದಳು.

"ಹಿತ್ತಿಲ ಬಾಗಿಲಿಂದ ಹತ್ತು ಹೆಜ್ಜೆ."

ಮಿಸೆಸ್ ಗ್ಲಿಕ್ ಬಾಗಿಲಲ್ಲಿ ತಡೆದರು. ಯಾವ ಮನೆ ಎಂದರು. ಹೇಳಿದೆ. "ಲೀಬಾ ಮನೇನಾ?" ಎಂದು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಬೈಗುಳ ಭಾನುವಾರಕ್ಕೆ ಇರಲಿ, ಈಗ ಹೋಗಿ ಎಂದರು.

ನಾವು ಮೂವರು ಓಣಿಗೆ ಇಳಿದಾಗ ಫಾಲಿಕ್ ಅಂಕಲ್ ಎದ್ದು ನಿಂತರು. ಬೆರಳಿಟ್ಟು ಎಣಿಸಿದರು, ಒಂದು, ಎರಡು, ಮೂರು.  ಮೇಜು ಒಳಗೆ ಎಳೆಯಲು ಹೋದರು, ನಾವು ಬಿಡದೆ ನಾವೇ ಎಳೆದೆವು. ಓಣಿಯ ಕುರ್ಚಿಯನ್ನು ನಾನು ಒಳಗೆ ತಂದೆ. ಅವರು ಕಲ್ಲನ್ನು ಕಾಲಲ್ಲಿ ತಳ್ಳಿ, ಬಾಗಿಲ ಹಿಡಿಗೆ ಕೈ ಹಾಕಿ, ಬಸ್ಸಿನ ಬಾಗಿಲು ಮುಚ್ಚುವಾಗ ಬರುವ ಸದ್ದನ್ನು ಬಾಯಲ್ಲೇ ಮಾಡಿದರು. "ಪ್ಶ್ಶ್ಶ್." ಬಾಗಿಲು ಮುಚ್ಚಿತು. ಗಾಳಿ ನಿಂತಿತು. ಅಷ್ಟು ತಿಂಗಳಲ್ಲಿ ಮೊದಲ ಸಲ ಮೇಣದಬತ್ತಿಯ ಜ್ವಾಲೆ ಅಲ್ಲಾಡದೆ ನಿಂತದ್ದನ್ನು ನೋಡಿದೆ.

ಆಮೇಲೆ ಅವರು ಕೋಟು ತೆಗೆದು ಮೊಳೆಗೆ ನೇತುಹಾಕಿದರು. ಕೋಟಿಲ್ಲದ ಫಾಲಿಕ್ ಅಂಕಲನ್ನು ನಾನು ಬೆಳಕಿನಲ್ಲಿ ಕಂಡೇ ಇರಲಿಲ್ಲ. ದೊಡ್ಡ ಆಳು ಎಂದುಕೊಂಡಿದ್ದೆ. ಎಷ್ಟು ಸಣ್ಣ ಮನುಷ್ಯ! ಬಿಳಿ ಅಂಗಿ, ಭುಜದ ಮೂಳೆ ಎದ್ದು ಕಾಣುತ್ತಿತ್ತು. ನಾನೂ ಕೋಟು ತೆಗೆದಾಗ ಅವರು ನನ್ನನ್ನು ನೋಡಿ, "ಏನು ಮೇಡೆಲೆ, ನೀನು ಇಷ್ಟೇನಾ?" ಎಂದರು.

ಮುಂದಿನ ನಿಲ್ದಾಣ ಮೀನು ಎಂದಾಗ ಪೆರಿಗೆ ನಗು ತಡೆಯಲಾಗಲಿಲ್ಲ. ತೆಮೀಮಾ ಮೂರು ಸಲ ಸೂಪು ಹಾಕಿಸಿಕೊಂಡಳು, ಅವಳು ಅಷ್ಟು ಹೊತ್ತು ಎಚ್ಚರವಿದ್ದದ್ದನ್ನೇ ನಾನು ನೋಡಿರಲಿಲ್ಲ. ಹಣ್ಣಿನ ಹೊತ್ತಿಗೆ ಅವರ ಕೆಮ್ಮು ಕಡಿಮೆಯಾಗಿತ್ತು, ಅಥವಾ ನಮ್ಮ ಗಲಾಟೆಯಲ್ಲಿ ಕೇಳಿಸಲಿಲ್ಲ.

ಮಂಗಳವಾರ, ಫೆಬ್ರವರಿ 2

ಅಪ್ಪ ಫೋನು ಮಾಡಿದ್ದ. ಟಿಕೆಟ್ಟಿನ ತಾರೀಖು ಹೇಳುತ್ತೇನೆಂದು ಹೇಳಿ ಹೇಳಲೇ ಇಲ್ಲವಲ್ಲ, ಸೀಟು ಹೋಯಿತು ನೋಡು ಎಂದ. ಜನವರಿ ಮುಗಿದದ್ದೇ ನನಗೆ ಗೊತ್ತಾಗಿರಲಿಲ್ಲ. ಬೇಜಾರಾಯಿತಾ ಎಂದು ಕೇಳಿದ. ನನ್ನ ಬೆನ್ನ ಹಿಂದೆ ಪೆರಿ ಕಿರುಚುತ್ತಿದ್ದಳು, ಶುಕ್ರವಾರಕ್ಕೆ ಕೇಕು ಕಡಿಮೆ ಸಕ್ಕರೆಯದು ಮಾಡಬೇಕೋ ಬೇಡವೋ ಎಂದು. ಆಮೇಲೆ ಮಾಡುತ್ತೇನೆ ಅಪ್ಪ ಎಂದು ಇಟ್ಟುಬಿಟ್ಟೆ. ವಾಪಸು ಮಾಡಬೇಕು, ಮರೆಯಬಾರದು.

ಗುರುವಾರ, ಫೆಬ್ರವರಿ 4

ಈ ಶಬ್ಬಾತ್ ಹಾಸ್ಟೆಲು ಮುಚ್ಚುತ್ತದೆ. ಮಲಗಲು ಪೆರಿಯ ಅಕ್ಕನ ಮನೆ, ಊಟಕ್ಕೆ ಫಾಲಿಕ್ ಅಂಕಲ್ ಮನೆ ಎಂದು ಎಲ್ಲ ಸರಿಯಾಗಿತ್ತು. ತೆಮೀಮಾ ಈಗ ಹೇಳುತ್ತಾಳೆ, ಹೈಫಾದಲ್ಲಿ ಅವಳ ಸೋದರಮಾವನ ಮಗಳ ಮದುವೆಯ ಊಟವಂತೆ. ಇಬ್ಬರಾದೆವು. ಇಬ್ಬರಾದರೆ ಬಾಗಿಲು ತೆರೆದಿಡಬೇಕು, ಅವರ ಎದೆ ಇನ್ನೂ ಪೂರ್ತಿ ವಾಸಿಯಾಗಿಲ್ಲ.

ತಿಂಡಿಯ ಹೊತ್ತಿಗೆ ಮಿಸೆಸ್ ಗ್ಲಿಕ್ ಎಂದಿನಂತೆ ಕೈ ಎತ್ತಿ ಎಂದರು. ನಾನು ಸುತ್ತ ನೋಡುತ್ತಿದ್ದೆ. ಬೆಂಚಿನ ತುದಿಯಲ್ಲಿ ಎಸ್ತೆಲ್ ತಟ್ಟೆ ನೋಡುತ್ತ ಕೂತಿದ್ದಳು. ಅವಳಿಗೆ ನೆಗಡಿ, ಕೆಮ್ಮಿದಳು. ಒಣ ಕೆಮ್ಮು, ಎರಡು ಸಲ.

ಆ ಕೆಮ್ಮು ನಾನು ಕೇಳಿದ್ದೆ. ಮೇಲಿನ ಮಹಡಿಯ ಕೊಳಾಯಿ.

ಹೋಗಿ ಅವಳ ಪಕ್ಕ ಕೂತೆ. ಈ ಶಬ್ಬಾತ್‌ಗೆ ಎಲ್ಲಿಗೆ ಎಂದು ಕೇಳಿದೆ. ನೆತಾನ್ಯಾದ ಅಣ್ಣನ ಮನೆಗೆ ಎಂದಳು, ಥಟ್ಟನೆ, ನಾನು ಅತ್ತೆ ಎನ್ನುತ್ತಿದ್ದ ಹಾಗೇ.

"ನಂಗೂ ಬಾಯಿತ್ ವೆಗಾನ್‌ನಲ್ಲಿ ಅತ್ತೆ ಇದ್ರು" ಎಂದೆ.

ಅವಳು ಬ್ರೆಡ್ಡು ಕೆಳಗಿಟ್ಟಳು. ಆ ಎರಡು ಮೇಜಿನವರಲ್ಲಿ ಅವಳೂ ಇದ್ದಿರಬೇಕು, ಕಥೆ ಗೊತ್ತಿತ್ತು. ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು. "ಆ ನವೆಂಬರಲ್ಲಿ ಬಾಗಿಲಿಗೆ ಕಾಗದ ಇಟ್ಟಿದ್ದು ನೀನಾ? ನಾನು ಕಳ್ಳರು ಅಂದ್ಕೊಂಡು ಕಿತ್ತುಹಾಕಿ ಬಾಗಿಲು ಎಳೆದುಬಿಟ್ಟೆ. ಆಮೇಲೆ ಹಿಂದೆ ಯಾರೋ ಬಡಿದಿದ್ದೂ ಕೇಳಿಸ್ತು. ಮಂಚದ ಕೆಳಗೆ ಹೋಗಿ ಮಲಗಿದ್ದೆ, ಬೆಳಗಾಗೋವರೆಗೂ."

ಒಂದೇ ಕಟ್ಟಡ. ಮೇಲೊಬ್ಬಳು, ಕೆಳಗೊಬ್ಬಳು. ಅವಳ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು, ಹಿಡಿದುಕೊಂಡೆ. ಪಾಪ ಎಂದು ಕರೆದರೆ ಬರುವುದಿಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ನಮಗೊಂದು ತೊಂದರೆಯಾಗಿದೆ ಎಸ್ತೆಲ್. ಈ ವಾರ ಇಬ್ಬರೇ ಇದೀವಿ. ಬಾಗಿಲು ಮುಚ್ಚೋಕೆ ಇನ್ನೊಬ್ಳು ಬೇಕು."

ಏನು ತರಲಿ ಎಂದು ಕೇಳಿದಳು. ಏನೂ ಬೇಡ, ಬಂದರೆ ಸಾಕು ಎಂದೆ.